ದೋಣಿಯ ಗಂಟಲಿಗೆ ಹಿತ್ತಾಳೆ ಬಳೆ

ಅವರೆಕಾಯಿಯ ಕಾಲ. ಬಿಸಿಲು ಇನ್ನೂ ಕೆರೆ ಏರಿಯ ಮೇಲಕ್ಕೆ ಬಂದಿರಲಿಲ್ಲ. ನಾನು ಒಲೆಯ ಮುಂದೆ ಕೂತು ಕಾಳು ಹಿಚುಕುತ್ತಿದ್ದೆ. ನನ್ನ ತಮ್ಮ ಕೋದಂಡಪ್ಪ ಮೊದಲ ಬಸ್ಸಿನಲ್ಲಿ ಬಂದು ನಮ್ಮ ಬೇತಮಂಗಲದಲ್ಲಿ ಇಳಿದು, ಗೋಣಿಯಲ್ಲಿ ಸುತ್ತಿದ್ದ ಏನನ್ನೋ ಮಗುವಿನ ಹಾಗೆ ಎತ್ತಿಕೊಂಡು ಒಳಗೆ ಬಂದ. ಐವತ್ತೆಂಟನೆಯ ಇಸವಿ ಇರಬೇಕು.

"ಅಕ್ಕಯ್ಯ, ಭಾವ ಎಲ್ಲಿ? ಅವರ ದೋಣಿಗೆ ಒಸ ಗಂಟಲು ತಂದಿದೀನಿ."

ಅವನು ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಭದ್ರಾವತಿಯಲ್ಲಿ ಕೆಲಸ ಸಿಕ್ಕಿತ್ತು, ಶಿವರಾತ್ರಿ ಕಳೆದ ಮೇಲೆ ಹೊರಡುವವನಿದ್ದ. ನಮ್ಮ ಯಜಮಾನರು ಕದಿರಪ್ಪನವರು ಕೆರೆಯಲ್ಲಿ ಮೋಟಾರು ದೋಣಿ ನಡೆಸುತ್ತಿದ್ದರು. ಗಣಿಯ ಊರಿಗೆ ನೀರು ಹೋಗುವ ಬಾಯಿಗೆ ಅಂತರಗಂಗೆ ಕಳೆ ಬಂದು ಅಡರಿಕೊಳ್ಳುತ್ತಿತ್ತು. ಅದನ್ನು ಬಾಚಿ ತೆಪ್ಪಕ್ಕೆ ಹಾಕಿ, ತೆಪ್ಪವನ್ನು ದೋಣಿಗೆ ಕಟ್ಟಿ ದಡಕ್ಕೆ ಎಳೆಯುವುದು ಅವರ ಕೆಲಸ. ಮೊದಲು ಗಣಿಯೊಳಗೆ ಇಳಿಯುತ್ತಿದ್ದವರು. ಅಲ್ಲಿನ ದೂಳಿಗೆ ಕೆಮ್ಮು ಹತ್ತಿತ್ತು. ಕೆರೆಯ ಗಾಳಿಗೆ ಬಂದ ಮೇಲೆ ಅದು ನಿಂತಿತ್ತು.

ದೋಣಿಯ ಇಂಜಿನು ಯಾವುದೋ ಹಳೆಯ ಕಾರಿನದು. ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನಿಗೆ ಉಣಿಸುವ ಕಾರ್ಬೊರೇಟರ್, ತಮ್ಮ ಗಂಟಲು ಎಂದದ್ದು, ಬಿರುಕು ಬಿಟ್ಟಿತ್ತು; ಅದಕ್ಕೆ ಸೋಪು ಮೆತ್ತಿ, ತಂತಿ ಬಿಗಿದು ಓಡಿಸುತ್ತಿದ್ದರು. ಕೋದಂಡ ಅದನ್ನು ಬಿಚ್ಚುವಾಗಲೇ ಎರಡು ಹೋಳಾಯಿತು. ಅವನು ತಂದದ್ದು ಗುಜರಿ ಲಾರಿಯದು. ಹಳೆಯದರ ಬಾಯಿಗೆ ಎರಡು ಬೆರಳು ಹಿಡಿದರೆ ಇದಕ್ಕೆ ಮೂರು.

ಬರೀ ದೋಣಿಯನ್ನು ಓಡಿಸಿ ನೋಡಿದರು. ಯಜಮಾನರ ತಲೆಯ ಟವಲು ಹಾರಿ ನೀರಿಗೆ ಬಿತ್ತು.

"ಲೇ ಕೋದಂಡ, ದೋಣಿ ಕೊಟ್ರೆ ಬಸ್ಸು ಮಾಡ್ಬುಟ್ಟಲ್ಲೋ."

"ಬಸ್ಸಾದ್ರೆ ಅಲ್ಲಲ್ಲಿ ನಿಂತ್ಕೊಂತದೆ ಭಾವ. ಇದು ನಿಲ್ಲಾಕಿಲ್ಲ."

ತಮ್ಮ ಕೆಲಸಕ್ಕೆ ವಾಪಸು ಹೋದ ಮೇಲೆ, ಮಾರನೆಯ ದಿನ ಯಜಮಾನರು ತೆಪ್ಪ ಕಟ್ಟಿದರು. ಇಂಜಿನು ನಿಂತೇಬಿಟ್ಟಿತು. ಕೆಮ್ಮಿತು, ಗುಟುಕರಿಸಿತು, ಇನ್ನಷ್ಟು ತಿರುವಿದರೆ ಉಸಿರೇ ಬಿಟ್ಟಿತು. ಆವತ್ತಿನಿಂದ ಗಳ ಊರಿ ತೆಪ್ಪ ತಳ್ಳುವುದೇ ಆಯಿತು. ಸಂಜೆ ಬೊಬ್ಬೆ ಎದ್ದ ಅವರ ಅಂಗೈಗೆ ನಾನು ಹರಳೆಣ್ಣೆ ಹಚ್ಚುತ್ತಿದ್ದೆ.

"ಅವನಿಗೆ ಏಳ್ಬೇಡ ಮುನಿಗಂಗ. ಊರು ಬಿಟ್ಟು ಓಗೋನು, ನಗ್ತಾ ಓಗ್ಲಿ."

ಅಂತರಗಂಗೆಗೆ ಇದೆಲ್ಲ ಗೊತ್ತೇ? ಅದು ಬೆಳೆಯುತ್ತಲೇ ಇತ್ತು. ನೀರಿನ ಮೇಸ್ತ್ರಿ ಏರಿಯ ಮೇಲೆ ಸೈಕಲ್ ನಿಲ್ಲಿಸಿ, ಶಿವರಾತ್ರಿವರೆಗೂ ನೋಡುತ್ತೇನೆ, ತೆಪ್ಪ ಎಳೆಯದಿದ್ದರೆ ದೋಣಿಯೂ ಬೇಡ, ದೋಣಿಯವನೂ ಬೇಡ ಎಂದು ಹೇಳಿ ಹೋದ. ಎಂದರೆ ಮತ್ತೆ ಗಣಿಗೆ ಇಳಿಯಬೇಕು. ಆ ಕೆಮ್ಮು ನನ್ನ ಕಿವಿಯಲ್ಲಿ ಇನ್ನೂ ಇತ್ತು.

ಭಾನುವಾರ ತಮ್ಮ ಬರುವ ಹೊತ್ತಿಗೆ ಯಜಮಾನರು ತೆಪ್ಪ ಬಿಚ್ಚಿ ಜೊಂಡಿನ ಹಿಂದೆ ಮರೆ ಮಾಡುವರು. ಅವನನ್ನು ಕೂರಿಸಿಕೊಂಡು ಕೆರೆಯೆಲ್ಲ ಹಾರಿಸಿಕೊಂಡು ಬರುವರು. ಅವನು ಹಿಗ್ಗುವನು. ಹೀಗೇ ನಡೆಯಿತು. ನಾನು ತಡೆದುಕೊಂಡೆ. ಆಮೇಲೆ ಒಂದು ಭಾನುವಾರ, ಇಬ್ಬರೂ ಮುದ್ದೆ ಉಣ್ಣುತ್ತಿರುವಾಗ, ನಾನೇ ಹೋಗಿ ತೆಪ್ಪ ಎಳೆದು ತಂದು ದೋಣಿಗೆ ಕಟ್ಟಿ, ಕುಡುಗೋಲು ಹಿಡಿದು ಆ ಒದ್ದೆ ಅಂತರಗಂಗೆಯ ರಾಶಿಯ ಮೇಲೆ ಕೂತೆ.

"ಕೋದಂಡ, ನನ್ನೂ ಆಚೆ ದಡಕ್ಕೆ ಬಿಡ್ರೋ. ಅಸೂಗೆ ಉಲ್ಲು ಕೊಯ್ಬೇಕು."

ಯಜಮಾನರು ನನ್ನತ್ತ ಕಣ್ಣು ಬಿಟ್ಟರು. ನಾನು ನೀರು ನೋಡಿದೆ. ಇಂಜಿನು ನಾಲ್ಕು ಮಾರು ಹೋಗಿ ಕೆಮ್ಮಿ ನಿಂತಿತು. ತಮ್ಮ ಕಿವಿ ಕೊಟ್ಟು ಕೇಳಿದ, ಮತ್ತೆ ಹಚ್ಚಿದ, ಮತ್ತೆ ಕೇಳಿದ. ಆಮೇಲೆ ಗಳಕ್ಕೆ ಕೈ ಹಾಕಿದ. ಯಜಮಾನರು ಬಿಡಲಿಲ್ಲ. ಆ ಎಳೆದಾಟದಲ್ಲಿ ತಮ್ಮನಿಗೆ ಅವರ ಅಂಗೈ ಕಂಡಿತು.

"ಯಾಕ್ ಭಾವ ಏಳ್ಲಿಲ್ಲ?"

"ನೀವು ಕಟ್ಟಿದ ನಿಮ್ಮಕ್ಕನ್ನೇ ಇವತ್ತಿನವರ್ಗೂ ದೂರಿಲ್ಲ. ಇದನ್ನ ದೂರ್ತೀನೇನ್ಲಾ?"

"ಕೇಳಿಸ್ತು," ಎಂದೆ ರಾಶಿಯ ಮೇಲಿಂದ.

ಮನೆಗೆ ಬಂದು ತಮ್ಮ ಒಲೆಯ ಹತ್ತಿರ ಕೂತ. ನನ್ನ ಊದುಗೊಳವೆ ತೆಗೆದುಕೊಂಡು ಅದರೊಳಗಿಂದ ಬಾಗಿಲ ಬೆಳಕು ನೋಡಿದ.

"ಅಕ್ಕಯ್ಯ, ಇದ್ರ ಬದ್ಲು ದಪ್ಪ ಬೊಂಬಿನಾಗೆ ಊದಿದ್ರೆ ಕೆಂಡ ಏಳ್ತದಾ?"

"ಊದಿದೋರ ಕಣ್ಣು ಮೇಲಕ್ಕೇಳ್ತವೆ."

"ಇದೂ ಅಂಗೇ. ಬರೀ ದೋಣೀಲಿ ಇಂಜಿನು ಜೋರಾಗಿ ತಿರುಗ್ತದೆ. ಆಗ ಅಗಲದ ಗಂಟಲೇ ಒಳ್ಳೇದು, ಗಾಳಿ ಬೇಕಾದಷ್ಟು ಸಿಗ್ತದೆ. ತೆಪ್ಪ ಕಟ್ಟಿದ್ರೆ ನಿದಾನ ತಿರುಗ್ತದೆ. ಅಷ್ಟಗಲದಾಗೆ ಗಾಳಿಗೆ ಬಿರುಸಿಲ್ಲ, ಪೆಟ್ರೋಲನ್ನ ಎಬ್ಬಿಸ್ಕೊಂಡು ಓಗಲ್ಲ. ಓಡೋ ಶಕ್ತಿ ಬೇರೆ ಭಾವ, ಎಳೆಯೋ ಶಕ್ತಿ ಬೇರೆ. ನಿಮ್ಮ ಕೆಲಸ ಎಳೆಯೋದು. ನಾನು ಓಡೋದು ನೋಡ್ಕೊಂಡು ಕುಣಿದೆ."

ಮುಂದಿನ ಭಾನುವಾರ ಅವನು ಬಂದಾಗ ಕರ್ಚೀಫಿನಲ್ಲಿ ಒಂದು ಹಿತ್ತಾಳೆ ಬಳೆ ಇತ್ತು. ವರ್ಕ್‌ಶಾಪಿನ ಲೇತ್ ಯಂತ್ರದಲ್ಲಿ ತಾನೇ ಕಡೆದದ್ದು, ಒಳಗೆ ಸೊಂಟದ ಹಾಗೆ ಸಣ್ಣಗಾಗಿತ್ತು. ಅದನ್ನು ಆ ಗಂಟಲೊಳಗೆ ಕೂರಿಸಿ, ಪೆಟ್ರೋಲು ಬರುವ ತೂತಿಗೂ ಸಣ್ಣದೊಂದು ಬಳೆ ಹಾಕಿದ. ನನ್ನನ್ನು ಮತ್ತೆ ರಾಶಿಯ ಮೇಲೆ ಕೂರಿಸಿದರು.

ಇಂಜಿನು ದಪ್ಪ ದನಿಯಲ್ಲಿ ಗೊಣಗಿತು. ಹಗ್ಗ ನೀರಿನಿಂದ ಎದ್ದು, ಹನಿ ಉದುರಿಸಿ, ಬಿಗಿಯಾಯಿತು. ತೆಪ್ಪ ಹೊರಟಿತು. ಏರಿಯ ಮೇಲೆ ನಿಂತಿದ್ದ ಮೇಸ್ತ್ರಿ ತೆಪ್ಪ ದಡ ಮುಟ್ಟುವವರೆಗೂ ನೋಡಿ, ಸೈಕಲ್ ತಿರುಗಿಸಿಕೊಂಡು ಹೋದ.

ತೆಪ್ಪ ಬಿಚ್ಚಿ ಓಡಿಸಿದರೆ ದೋಣಿ ಮೊದಲಿನ ಹಾಗೆ ಹಾರಲಿಲ್ಲ. ತಮ್ಮನ ಮುಖ ಒಂದಿಷ್ಟು ಸಪ್ಪಗಾಯಿತು.

"ಇನ್ನು ಟವಲು ಗಾಳಿಗೆ ಆರಿ ಬೀಳಲ್ಲ ಭಾವ."

"ತಲೆ ಮೇಲೇ ಇರ್ಲಿ ಬಿಡು."

ಅವನು ಹೊರಟ ದಿನ ಯಜಮಾನರಿಗೆ ಬಸ್‌ಸ್ಟ್ಯಾಂಡಿಗೆ ಬರಲು ಬಿಡುವಾಗಲಿಲ್ಲ, ನೀರಿನ ಬಾಯಲ್ಲಿ ಅಷ್ಟು ಅಂತರಗಂಗೆ ಇತ್ತು. ತಮ್ಮನನ್ನು ಬಂಗಾರಪೇಟೆಯಲ್ಲಿ ರೈಲಿಗೆ ಹತ್ತಿಸಲು ನಾನು ಹೋದೆ. ಬಸ್ಸು ಏರಿಯ ಮೇಲೆ ಬಂದಾಗ ಕೆಳಗೆ ದೋಣಿಯು ಅಂತರಗಂಗೆ ತುಂಬಿದ ತೆಪ್ಪವನ್ನು ಎಳೆದುಕೊಂಡು ಮೆಲ್ಲಗೆ ಹೋಗುತ್ತಿತ್ತು. ಯಜಮಾನರು ತಲೆಯ ಟವಲು ತೆಗೆದು, ತಾವೇ ಗಾಳಿಗೆ ಹಾರಿಸಿದರು. ತಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನಕ್ಕ.

ಹೀಗೆ, ಶಿವರಾತ್ರಿ ಕಳೆದ ಮೇಲಿನ ಗುರುವಾರ ಕೋದಂಡಪ್ಪ ಭದ್ರಾವತಿಗೆ ಹೋದ.