ಅತ್ತೆಯ ಲಿಂಗ ಕಳೆದ ದಿನ

ನಮ್ಮ ಕಂಟೋನ್ಮೆಂಟಿನ ಪಾರ್ಕಿಗೆ ಯಾರೂ ಬರುವುದಿಲ್ಲ. ಬರುವುದಕ್ಕೆ ಅಲ್ಲಿ ಏನಿದೆ? ಮೂರ್ನಾಲ್ಕು ಹಳೆಯ ಬೇವಿನ ಮರ, ತುಕ್ಕು ಹಿಡಿದ ಒಂದು ಜಾರುಬಂಡಿ, ಸಿಮೆಂಟಿನ ಬೆಂಚುಗಳು, ನೀರು ಕಾಣದ ಒಂದು ಕಾರಂಜಿ. ಹೂ ಕೀಳಬಾರದು ಎಂಬ ಬೋರ್ಡು ಮಾತ್ರ ಗಟ್ಟಿಯಾಗಿ ನಿಂತಿದೆ, ಕೀಳೋಣವೆಂದರೆ ಹೂವೇ ಇಲ್ಲ. ಆದರೆ ನಮ್ಮ ಅತ್ತೆ ಕೊಟ್ರಬಸಮ್ಮನವರಿಗೆ ಆ ಪಾರ್ಕಿನ ಮೇಲೆ ವಿಪರೀತ ಪ್ರೀತಿ. ದಿನಾ ಬೆಳಕು ಹರಿಯುತ್ತಲೇ ಹೋಗಿ, ಎರಡು ಸುತ್ತು ಹಾಕಿ, ದೊಡ್ಡ ಬೇವಿನ ಕೆಳಗಿನ ಬೆಂಚಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ಮನೆಯಲ್ಲಿ ನನ್ನ ಬಾಯಿ ಕೇಳಿ ಕೇಳಿ ಸಾಕಾಗಿರಬೇಕು. ನಾನು ಜೀನ್ಸ್ ಹೊಲಿಯುವ ಘಟಕದಲ್ಲಿ ಸೂಪರ್‌ವೈಸರ್. ಮಿಷನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ, ಮನೆಗೆ ಬಂದರೂ ನನ್ನ ಗಂಟಲು ಇಳಿಯುವುದಿಲ್ಲ.

ಆವತ್ತು ಮೇ ತಿಂಗಳ ಒಂದು ಭಾನುವಾರ. ಮಕ್ಕಳಿಬ್ಬರೂ ರಜೆಗೆಂದು ಸಿರುಗುಪ್ಪದ ನನ್ನ ತವರಿಗೆ ಹೋಗಿದ್ದರು. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಪಾರ್ಕಿನಿಂದ ಬಂದು ಸ್ನಾನಕ್ಕೆ ಹೋಗಿದ್ದ ಅತ್ತೆ ಬಚ್ಚಲಿನಿಂದ ಒದ್ದೆ ಸೀರೆಯಲ್ಲೇ ಹೊರಗೆ ಬಂದರು. ಕೈ ಎದೆಯ ಮೇಲಿತ್ತು. ಮುಖ ನೋಡಿ, ಎದೆನೋವೇ ಬಂತೆಂದು ಒಲೆ ಆರಿಸಿ ಓಡಿದೆ.

"ಶೈಲಾ, ನನ್ನ ಲಿಂಗ ಇಲ್ಲ," ಎಂದರು.

ಕೊರಳಲ್ಲಿ ದಾರವಿತ್ತು. ದಾರಕ್ಕೆ ಕಟ್ಟಿದ ಬಿಳಿ ಬಟ್ಟೆಯೂ ಇತ್ತು. ಬಟ್ಟೆ ಅಡಿಯಲ್ಲಿ ಸವೆದು ತೂತಾಗಿತ್ತು, ಒಳಗಿನ ಲಿಂಗ ಇರಲಿಲ್ಲ.

ಅತ್ತೆಯ ಲಿಂಗ ಮೊದಲು ಬೆಳ್ಳಿಯ ಕರಡಿಗೆಯೊಳಗೆ ಭದ್ರವಾಗಿಯೇ ಇತ್ತು. ಯುಗಾದಿಯ ಹೊತ್ತಿಗೆ ನಮ್ಮ ಪಕ್ಕದ ಓಣಿಯಲ್ಲಿ ಬೈಕಿನವರು ಒಬ್ಬಾಕೆಯ ಕೊರಳಿನ ಸರ ಕಿತ್ತುಕೊಂಡು ಹೋದರು. ಅದನ್ನು ಕೇಳಿದ ನನ್ನ ಗಂಡ ಗವಿಸಿದ್ದೇಶ್, ಬೆಳ್ಳಿ ಕಂಡರೆ ಕಳ್ಳರು ಬಿಡುವುದಿಲ್ಲ, ಲಿಂಗ ಯಾರಿಗೆ ಬೇಕು ಎಂದು ಹೇಳಿ, ಕರಡಿಗೆ ತೆಗೆಸಿ ಬೀರುವಿನಲ್ಲಿಟ್ಟರು. ಅಂದಿನಿಂದ ಲಿಂಗ ಬಟ್ಟೆಗೆ ಬಂತು. ಬೆಳ್ಳಿ ಈಗಲೂ ಬೀರುವಿನಲ್ಲಿ ಸುಖವಾಗಿದೆ.

ನಮ್ಮಲ್ಲಿ ಲಿಂಗ ಮೈಮೇಲಿಂದ ಇಳಿಯಬಾರದು. ಅಂಗೈಯಲ್ಲಿಟ್ಟು ಪೂಜೆ ಮಾಡಿ, ಅದಕ್ಕೆ ತೋರಿಸಿದ ಮೇಲೆಯೇ ನೀರು, ತೋರಿಸಿದ ಮೇಲೆಯೇ ಅನ್ನ. ನನ್ನಂಥವರು ದೇವರ ಜಗಲಿಯ ಮೇಲಿಟ್ಟು ಹಬ್ಬಕ್ಕೊಮ್ಮೆ ಕಟ್ಟಿಕೊಂಡು ಕೈಮುಗಿಯುತ್ತೇವೆ. ಅತ್ತೆ ಹಾಗಲ್ಲ, ಹೆರಿಗೆಯ ನೋವಿನಲ್ಲೂ ಬಿಚ್ಚಿದವರಲ್ಲ. ಲಿಂಗ ಹೋಯಿತೆಂದರೆ ಅವರ ಪಾಲಿಗೆ ಪ್ರಾಣವೇ ಹೋದಂತೆ. ಅದು ಸಿಗುವ ತನಕ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಮೊದಲೇ ಅವರ ಕಿಡ್ನಿ ಸೋತಿತ್ತು. ಈ ಬಿಸಿಲಿನಲ್ಲಿ ನೀರು ತಪ್ಪಿಸಿದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಮನೆಯೆಲ್ಲ ಜಾಲಾಡಿದೆವು. ಬಚ್ಚಲಿನ ಜಾಲರಿ ಕಿತ್ತು ಕೈ ಹಾಕಿದೆ. ಹಾಸಿಗೆ ಕೊಡವಿದೆ. ಅತ್ತೆ ಒಂದೇ ಮಾತು ಹೇಳುತ್ತಿದ್ದರು.

"ಬೆಂಚಿನ ಮ್ಯಾಲೆ ಕುಂತಾಗ ಮುಟ್ಟಿ ನೋಡೀನಿ. ಆವಾಗ ಇತ್ತು. ಅಲ್ಲೇ ಬಿದ್ದೈತಿ."

ಪಾರ್ಕಿಗೆ ಓಡಿದೆವು. ಹೋಗಿ ನೋಡಿದರೆ ಕಾವಲುಗಾರ ಮಾರೇಶ ಆಗಲೇ ನೆಲವನ್ನೆಲ್ಲ ಗುಡಿಸಿ ಮುಗಿಸಿದ್ದ. ವಾರವಿಡೀ ಕಸಬರಿಗೆ ಮುಟ್ಟದವನಿಗೆ ಆವತ್ತೇ ಕೆಲಸದ ಹುರುಪು ಬಂದಿತ್ತು. ಬೇವಿನೆಲೆ, ಒಣಕಡ್ಡಿ, ಧೂಳು ಎಲ್ಲ ಗೋಡೆಯ ಮೂಲೆಯಲ್ಲಿ ನನ್ನ ಸೊಂಟದೆತ್ತರ ಗುಡ್ಡೆಯಾಗಿತ್ತು. ಅದರೊಳಗೆ ನೆಲ್ಲಿಕಾಯಿ ಗಾತ್ರದ ಕರಿಯ ಲಿಂಗವೊಂದನ್ನು ಹುಡುಕಬೇಕು.

"ಅಯ್ಯೋ ದೇವುಡಾ, ನನಗ ಗೊತ್ತಿದ್ದಿಲ್ಲ ಅಕ್ಕಾರ," ಎಂದು ಮಾರೇಶ ತಲೆಗೆ ಕೈಹಚ್ಚಿದ. ನನಗೆ ಅವನ ಮೇಲೆ ಸಿಟ್ಟು ನೆತ್ತಿಗೇರಿತ್ತು, ಆದರೆ ಬೈಯುವುದಕ್ಕೆ ಪುರುಸೊತ್ತಿರಲಿಲ್ಲ. ಮನೆಯಿಂದ ಹಿಟ್ಟಿನ ಜರಡಿ ತಂದೆ. ಮಾರೇಶ ಬುಟ್ಟಿಯಲ್ಲಿ ಎಲೆ ತಂದು ಸುರಿಯುವುದು, ನಾನು ಕೈಯಲ್ಲಿ ಆರಿಸಿ ಉಳಿದ ಧೂಳು ಜರಡಿ ಹಿಡಿಯುವುದು. ಗವಿಸಿದ್ದೇಶ್ ಪಾರ್ಕಿನಿಂದ ಮನೆಯವರೆಗೆ ರಸ್ತೆಯ ಅಂಚು, ಚರಂಡಿ ನೋಡುತ್ತ ಬಗ್ಗಿಕೊಂಡು ಓಡಾಡುತ್ತಿದ್ದರು. ಅತ್ತೆ ಬೆಂಚಿನ ಮೇಲೆ ಕೂತರು.

"ಲಿಂಗ ಸಿಗೋ ಮಟ ನಾ ಇಲ್ಲಿಂದ ಏಳಂಗಿಲ್ಲ," ಎಂದರು.

ಬಿಸಿಲು ಏರಿತು. ನಮ್ಮ ಬಳ್ಳಾರಿಯ ಬಿಸಿಲಿನ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ, ಬೆಂಚು ಮುಟ್ಟಿದರೆ ಕೈ ಸುಡುತ್ತಿತ್ತು. ನೆರಳು ಸರಿದ ಹಾಗೆ ಅತ್ತೆ ಸರಿಯಲಿಲ್ಲ. ನಾನೇ ಕೊಡೆ ತಂದು ಬೆಂಚಿಗೆ ಕಟ್ಟಿದೆ. ನೀರಿನ ಬಾಟಲಿ ಪಕ್ಕದಲ್ಲಿಟ್ಟೆ. ಅವರು ಅದರತ್ತ ನೋಡಲೂ ಇಲ್ಲ.

"ಅತ್ತಿ, ಒಂದ್ ಗುಟುಕರ ಕುಡೀರ್ರಿ. ಶಿವ ಏನು ಸಿಟ್ಟಾಗಂಗಿಲ್ಲ."

"ಅಂವ ಸಿಟ್ಟಾಗ್ತಾನ ಅಂತ ಅಲ್ಲ ಶೈಲಾ. ಅಂವನ್ನ ಬಿಟ್ಟು ನಾ ಹ್ಯಾಂಗ ಕುಡೀಲಿ? ಅಂವ ಆ ಕಸದಾಗ ಬಿದ್ದಾನ."

ಹಟ ಎಂದರೆ ಬೈಯಬಹುದು. ಇದು ಹಟವಾಗಿರಲಿಲ್ಲ, ಮನೆಯ ಮಗು ಕಳೆದುಕೊಂಡವರ ಹಾಗೆ ಮಾತಾಡುತ್ತಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡೂ ಸೇರಿ ಗಂಡನ ಮೇಲೆ ಹೋಯಿತು. ನಿಮ್ಮ ಬೆಳ್ಳಿಗೆ ಬೆಂಕಿ ಬೀಳಲಿ ಎಂದು ರಸ್ತೆಯಲ್ಲೇ ಕೂಗಾಡಿದೆ. ಅವರು ತಲೆ ಎತ್ತಲಿಲ್ಲ. ಅವರ ಅಂಗಿಯ ತೋಳು ಮೊಣಕೈವರೆಗೆ ಚರಂಡಿಯ ಕೆಸರಾಗಿತ್ತು.

ಗವಿಸಿದ್ದೇಶ್ ಕುರುಗೋಡಿನಲ್ಲಿರುವ ನಮ್ಮ ಮಠದ ಸ್ವಾಮಿಗಳು, ಅಜ್ಜಾರಿಗೆ ಫೋನು ಹಚ್ಚಿ ಸ್ಪೀಕರ್‌ಗೆ ಹಾಕಿ ತಾಯಿಯ ಮುಂದೆ ಹಿಡಿದರು. ಅಜ್ಜಾರು ಒಳ್ಳೆಯವರು. "ತಾಯಿ, ಜೀವ ದಂಡಿಸಬ್ಯಾಡ್ರಿ. ನಾಳಿ ಮುಂಜಾನಿ ಇಲ್ಲಿಗೆ ಬರ್ರಿ, ಮತ್ತೊಮ್ಮಿ ದೀಕ್ಷಾ ಮಾಡಿ ಬ್ಯಾರೆ ಲಿಂಗ ಕೊಡ್ತೀವಿ. ಈಗ ನೀರು ಕುಡೀರಿ," ಎಂದರು.

ಅತ್ತೆ ಫೋನಿಗೇ ಕೈಮುಗಿದರು. "ಆಗಲಿ ಅಜ್ಜಾರ," ಎಂದರು. ನನಗೆ ಹೋದ ಉಸಿರು ಬಂತು. ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ.

"ನಾಳಿ ಅವರು ಲಿಂಗ ಕೊಟ್ಟ ಮ್ಯಾಲೆ ಕುಡೀತೀನಿ," ಎಂದು ಬಾಟಲಿ ವಾಪಸು ಕೊಟ್ಟರು.

ನಾಳೆಯ ತನಕ ಅವರು ಉಳಿಯುವ ಹಾಗೆ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತುಟಿ ಒಡೆದು ರಕ್ತ ಜಿನುಗಿತ್ತು. ಮಾತು ತೊದಲಿತು. ಒಮ್ಮೆ ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು, ಆ ತಂಗಿ ದೇಶನೂರಿನಲ್ಲಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗವಿಸಿದ್ದೇಶ್ ಆಟೋ ತಂದು ನಿಲ್ಲಿಸಿ, ಎತ್ತಿಕೊಂಡೇ ಆಸ್ಪತ್ರೆಗೆ ಹೋಗೋಣವೆಂದು ತಾಯಿಯ ಬೆನ್ನಿಗೆ ಕೈ ಹಾಕಿದರು. ಅಷ್ಟು ಸೋತ ಜೀವಕ್ಕೆ ಎಲ್ಲಿತ್ತೋ ಬಲ, ಬೆಂಚಿನ ಅಂಚು ಹಿಡಿದ ಕೈ ಬಿಡಲೇ ಇಲ್ಲ.

"ಸೂಜಿ ಚುಚ್ಚಿ ನೀರು ಏರಿಸಿದ್ರ ಕಿತ್ತು ಒಗಿತೀನಿ ನೋಡು, ಗವಿ. ಒಯ್ಯಬ್ಯಾಡ ನನ್ನ."

ಅವರು ಕೀಳುತ್ತಾರೆ ಎಂಬುದರಲ್ಲಿ ನಮ್ಮಿಬ್ಬರಿಗೂ ಸಂಶಯವಿರಲಿಲ್ಲ. ಗವಿಸಿದ್ದೇಶ್ ನೆಲದ ಮೇಲೆ ಕುಸಿದು ಕೂತು ಚಿಕ್ಕ ಹುಡುಗನಂತೆ ಅತ್ತರು. ಗುಡ್ಡೆಯಲ್ಲಿ ಇನ್ನು ಸ್ವಲ್ಪವೇ ಎಲೆ ಉಳಿದಿತ್ತು. ಸಿಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಒಳ್ಳೆಯ ಬುದ್ಧಿಯೋ ಕೆಟ್ಟ ಬುದ್ಧಿಯೋ ಯೋಚಿಸುವಷ್ಟು ಹೊತ್ತಿರಲಿಲ್ಲ. ಮನೆಗೆ ಓಡಿ, ಜಗಲಿಯ ಮೇಲಿದ್ದ ನನ್ನ ಲಿಂಗವನ್ನು ಕರಡಿಗೆಯಿಂದ ತೆಗೆದೆ. ವಿಭೂತಿ ಒರೆಸಿದೆ. ಸೆರಗಿನ ಗಂಟಿನಲ್ಲಿಟ್ಟುಕೊಂಡು ಬಂದು, ಜರಡಿಯ ಮೇಲೆ ಬಗ್ಗಿ, ಧೂಳಿನಲ್ಲಿ ಹೊರಳಿಸಿದೆ. ಮಾರೇಶ ನೋಡಿಬಿಟ್ಟ. ನೋಡಿ, ಬುಟ್ಟಿ ಎತ್ತಿಕೊಂಡು ಆ ಕಡೆ ತಿರುಗಿದ.

"ಸಿಕ್ತು! ಅತ್ತಿ, ಸಿಕ್ತು!" ಎಂದು ಕೂಗಿದೆ. ನನ್ನ ಗಂಟಲು ಒಂದು ಸಲವಾದರೂ ಉಪಯೋಗಕ್ಕೆ ಬರಲಿ ಎಂದು ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ.

ಅತ್ತೆ ಎಡಗೈ ಚಾಚಿದರು. ಅದರ ಮೇಲೆ ಲಿಂಗ ಇಟ್ಟೆ. ಅವರು ಕಣ್ಣು ಮುಚ್ಚಿ ಬೆರಳು ಮಡಿಸಿದರು. ಆ ಮುಖದಲ್ಲಿ ಬಂದ ಬೆಳಕನ್ನು ನಾನು ನೋಡಿದೆ, ಅದು ಆರಿದ್ದನ್ನೂ ನೋಡಿದೆ. ಬುದ್ಧಿ ಬಂದಾಗಿನಿಂದ ದಿನಾ ಅಂಗೈಯಲ್ಲಿ ಹಿಡಿದದ್ದರ ಭಾರ ಆ ಕೈಗೆ ಗೊತ್ತಿರುವುದಿಲ್ಲವೇ? ನಾನು ಇದನ್ನೂ ಯೋಚಿಸಿರಲಿಲ್ಲ.

"ಇದು ನಿಂದು," ಎಂದರು.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮೊದ್ಲು ಕೊಳ್ಳಾಗ ಕಟ್ಕೊ, ಮಗಳ. ಒಂದು ಹೋದದ್ದು ಸಾಕು. ನನ್ನ ಸಲುವಾಗಿ ನಿಂದೂ ಕಸದಾಗ ಹಾಕ್ತಿ ಏನು?"

ಅವರು ನನ್ನನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು. ನನಗೆ ಆ ಪ್ರೀತಿ ಬೇಕಿರಲಿಲ್ಲ, ಅವರು ನೀರು ಕುಡಿಯುವುದು ಬೇಕಿತ್ತು. ಸಿಟ್ಟು, ಸಂಕಟ, ಹೆದರಿಕೆ ಎಲ್ಲ ಒಟ್ಟಿಗೆ ಉಕ್ಕಿತು. ಬೆಂಚಿನ ಮುಂದೆ ನೆಲದ ಮೇಲೆ ಕೂತು, ಅವರು ಮರಳಿಸಿದ ಲಿಂಗ ತೊಳೆದು ಬಲಗೈಯಲ್ಲಿ ಇಟ್ಟುಕೊಂಡೆ. ಪೂಜೆಯೋ ಜಗಳವೋ ಎನ್ನುವ ಹಾಗೆ, ನನಗೆ ಬರುವುದು ಅದೊಂದೇ ಆದ್ದರಿಂದ, ಓಂ ನಮಃ ಶಿವಾಯ ಎಂದು ಜೋರಾಗಿ ಹೇಳುತ್ತ ಬಾಟಲಿಯ ನೀರು ಸುರಿಯಹೊರಟೆ.

"ಎಡಗೈ," ಎಂದರು ಅತ್ತೆ.

ಸಾಯುವ ಹೊತ್ತಿನಲ್ಲೂ ತಪ್ಪು ಪೂಜೆಯನ್ನು ಅವರು ಸಹಿಸರು. ನಾನು ಎಡಗೈಗೆ ಬದಲಾಯಿಸಿದೆ.

"ಅಷ್ಟ್ ಮ್ಯಾಲಿಂದ ಸುರೀಬ್ಯಾಡ. ಸಾವಕಾಶ."

ಸಾವಕಾಶ ಸುರಿದೆ. ನೀರು ಲಿಂಗದ ಮೇಲಿಂದ ಇಳಿದು ನನ್ನ ಅಂಗೈ ತುಂಬಿತು. ಲಿಂಗವನ್ನು ಬಲಗೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡು, ಎಡಗೈಯನ್ನು ಅವರ ಬಾಯಿಯ ಹತ್ತಿರ ಒಯ್ದೆ.

"ಇದು ನೀರಲ್ಲ ಅತ್ತಿ. ತೀರ್ಥ."

ಅವರು ಹಿಂದೆ ಸರಿದರು. "ಲಿಂಗ ಇಲ್ಲದಾಕಿಗೆ ತೀರ್ಥ ಹ್ಯಾಂಗ?"

"ಅದನ್ನ ನಾಳಿ ಅಜ್ಜಾರನ್ನ ಕೇಳೋಣು. ಈಗ ನೀವು ಒಲ್ಲಿ ಅಂದ್ರ ನೆಲಕ್ಕ ಬೀಳ್ತೈತಿ ನೋಡ್ರಿ. ಬೀಳಲೇನು? ಹೇಳ್ರಿ, ಬೀಳಲೇನು?"

ತೀರ್ಥ ನೆಲಕ್ಕೆ ಬೀಳಬಾರದು. ಬಂದ ತೀರ್ಥವನ್ನು ಒಲ್ಲೆ ಅನ್ನಲೂಬಾರದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರೇ ನನಗೆ ಬೈದು ಕಲಿಸಿದ್ದು. ನನ್ನ ಬೆರಳು ಎಷ್ಟು ಬಿಗಿ ಹಿಡಿದರೂ ಸಂದಿಯಿಂದ ನೀರು ಸೋರತೊಡಗಿತು. ಒಂದು ಹನಿ ಮಣಿಕಟ್ಟಿಗೆ ಇಳಿಯಿತು. ಇನ್ನೊಂದು ಮೊಣಕೈ ಕಡೆಗೆ ಹರಿಯಿತು. ಅತ್ತೆಯ ಕಣ್ಣು ಆ ಹನಿಯ ಹಿಂದೆಯೇ ಹೋಯಿತು. ಅದು ಮೊಣಕೈಯ ತುದಿಗೆ ಬಂದು ನಿಂತಾಗ, ಅವರು "ಶಿವಾ" ಎಂದು ಅದನ್ನು ಸೆರಗಿನಿಂದ ಒತ್ತಿ ಹಿಡಿದು, ಬಗ್ಗಿ, ನನ್ನ ಅಂಗೈಗೆ ಬಾಯಿ ಇಟ್ಟರು.

ಒಡೆದ ತುಟಿ ನನ್ನ ಕೈಗೆ ಉರಿಯಂತೆ ತಾಗಿತು. ಅವರು ಕುಡಿಯುತ್ತಲೇ ಅಳುತ್ತಿದ್ದರು.

ಮತ್ತೆ ಸುರಿದೆ, ಮತ್ತೆ ಹಿಡಿದೆ. ಮೂರನೆಯ ಸಲಕ್ಕೆ ಅವರು ಮುಖ ಎತ್ತಿ, "ಮೂರಾತು. ತೀರ್ಥ ಅಂದ್ರ ಇಷ್ಟೇ," ಎಂದರು.

"ಇನ್ನೂ ಐತಿ. ಒಲ್ಲಿ ಅನಬಾರದು," ಎಂದು ನಾನು ಸುರಿಯುತ್ತಲೇ ಹೋದೆ. ಬಾಟಲಿ ಖಾಲಿಯಾಗುವವರೆಗೆ ಬಿಡಲಿಲ್ಲ. ಗವಿಸಿದ್ದೇಶ್ ಇನ್ನೊಂದು ಬಾಟಲಿ ತರಲು ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದರು. ಮಾರೇಶ ಉಳಿದ ಎಲೆಯನ್ನು ತಾನೇ ಜರಡಿ ಹಿಡಿಯುತ್ತಿದ್ದ. ಅದರಲ್ಲೂ ಏನೂ ಸಿಗಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆಯ ಮಾತು ತಿಳಿಯಾಯಿತು. ನನ್ನ ಲಿಂಗವನ್ನು ಸೆರಗಿನಿಂದ ಹರಿದ ಬಟ್ಟೆಯಲ್ಲಿ ತಮ್ಮ ಖಾಲಿ ದಾರಕ್ಕೇ ಬಿಗಿದು ನನ್ನ ಕೊರಳಿಗೆ ಹಾಕಿದರು. ಹಾಕಿ, ಕೈ ಹಿಂತೆಗೆಯದೆ ಹಾಗೇ ಕೂತರು.

"ಅಜ್ಜಾರು ಬ್ಯಾರೆ ಲಿಂಗ ಕೊಡ್ತೀನಿ ಅಂದ್ರು. ನಾನೂ ಆಗಲಿ ಅಂದೆ. ಆದ್ರ ನನಗ ಬ್ಯಾರೆ ಬ್ಯಾಡ, ಶೈಲಾ. ಈ ವಯಸ್ಸಿಗೆ ಇನ್ನೊಬ್ಬನ ಕೂಡ ಪರಿಚಯ ಮಾಡ್ಕೊಳ್ಳಾಕ ಆಗಂಗಿಲ್ಲ," ಎಂದರು. ದಾರದ ಗಂಟು ಇನ್ನೊಮ್ಮೆ ಬಿಗಿದು ಕೇಳಿದರು, "ನಾಳಿ ನೀ ಕೆಲಸಕ್ಕ ಹೋಗ್ತಿ?"

"ಪೂಜೆ ಮಾಡಿ, ನಿಮಗ ತೀರ್ಥ ಕೊಟ್ಟ ಹೋಗ್ತೀನಿ."

"ನಾಡಿದ್ದು?"

"ನಾಡಿದ್ದೂ ಕೊಡ್ತೀನಿ."

"ಮರೆತ್ರ?"

ಒಲೆಯ ಮೇಲಿಟ್ಟ ಹಾಲನ್ನು ದಿನಾ ಮರೆತು ಉಕ್ಕಿಸುವವಳು ನಾನು. ಮಕ್ಕಳ ಡಬ್ಬಿ ಮರೆತಿದ್ದೇನೆ, ಅತ್ತೆಯ ಮಾತ್ರೆಯನ್ನೂ ಮರೆತಿದ್ದೇನೆ. ಅದು ಅವರಿಗೂ ಗೊತ್ತು. ಆದರೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಮೊದಲ ಸಲ ಹೆದರಿಕೊಂಡು.

"ಮರೆತ್ರ ಕೂಗ್ರಿ ಅತ್ತಿ," ಎಂದೆ. "ನನ್ನಂಗ ಕೂಗ್ರಿ."