ಗದ್ದುಗೆಯ ಸುತ್ತು

ಹುಲ್ಲೆಗಳು ಉಳಿಯಲೆಂದು ಊರವರೇ ಸೇರಿ ಹುಲ್ಲು ಬೆಳೆಯುವ ಊರ ಕಾವಲಿಗೆ ಬೇಲಿ ಹಾಕಿದ ಮೇಲೆ ಅಡವಯ್ಯನ ಕುರಿಗಳಿಗೆ ಅಲ್ಲಿ ಜಾಗವಿಲ್ಲದಂತಾಯಿತು. ಎಂಬತ್ತೆರಡನೇ ಇಸವಿಯ ಮಾತು. ಗೇಟಿಗೆ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡವನು ಕಾವಲಿನ ಸಮಿತಿಯ ಅಧ್ಯಕ್ಷ ಓಬಳಪ್ಪ. ಅಡವಯ್ಯನಿಗೆ ದೊಡ್ಡಪ್ಪನ ಮಗ. ಎರಡರ ಬಾಯಿಗೂ ಹೋಗುವುದು ಅದೇ ಹುಲ್ಲಲ್ಲವೇ ಎಂದು ಅಡವಯ್ಯ ಕೇಳಿದ್ದಕ್ಕೆ, ಹುಲ್ಲೆಯ ಫೋಟೊ ಪೇಪರಿನಲ್ಲಿ ಬರುತ್ತದೆ, ನಿನ್ನ ಕುರಿಯದು ಬರುತ್ತದೆಯೇ ಎಂಬ ಉತ್ತರ ಸಿಕ್ಕಿತ್ತು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಅದೇ ಸಮಿತಿ ಕಾವಲಿನೊಳಗೆ ಕೈಕಸುಬಿನ ಸಂತೆ ನಡೆಸಲು ಹೊರಟಿತು. ಈಚಲು ಚಾಪೆ, ಬಿದಿರು ಮೊರ, ಮಡಕೆ, ಮುಖ್ಯವಾಗಿ ಕಂಬಳಿ. ಕುರಿಯನ್ನು ಆಚೆಗೆ ಅಟ್ಟಿ ಕಂಬಳಿಯನ್ನು ಒಳಗೆ ಕರೆದವರ ಬುದ್ಧಿಗೆ ಏನನ್ನಬೇಕು?

"ಮಧುಗಿರಿಯಿಂದ ಸಾಹೇಬ್ರು ಬರ್ತಾರೆ ಕಣ್ಲಾ. ನಿನ್ನ ಕಂಬಳಿ ನೋಡಿ ಮೆಚ್ಚಿದ್ರೆ, ಒಂದು ಮೂಲೇಲಿ ಕುರಿ ಬುಡೋಕೆ ನಾನೇ ಕೇಳ್ತೀನಿ," ಎಂದ ಓಬಳಪ್ಪ.

ಆ ಮಾತನ್ನು ನಂಬಿ ಅಡವಯ್ಯ ಮಗ್ಗದ ಗುಂಡಿಗಿಳಿದ. ಬಡಕಲು ಕುರಿಗಳ ಮೈಯಲ್ಲಿ ಉಳಿದಿದ್ದ ಉಣ್ಣೆಯಲ್ಲಿ ಕರಿಯದನ್ನೇ ಆರಿಸಿ, ಹುಣಸೆ ಬೀಜದ ಗಂಜಿ ತೀಡಿ, ಹಿಂದೆಂದೂ ನೇಯದಂಥ ಕಂಬಳಿ ನೇಯ್ದ. ಈ ಮೇವೂ ಕೈತಪ್ಪಿದರೆ ಮಂದೆಯನ್ನು ಮಾರದೆ ಗತಿಯಿರಲಿಲ್ಲ.

ಸಂತೆಯ ದಿನ ಸಾಹೇಬರ ಜೀಪು ಬಂತು, ಕುರ್ಚಿ ತರಬೇಕಿದ್ದ ಎತ್ತಿನಗಾಡಿ ಬರಲಿಲ್ಲ. "ಗಿರಿಯಮ್ಮ, ಆ ಕಂಬಳಿ ಹಾಸಮ್ಮ, ಸಾಹೇಬ್ರು ಕೂರ್ಲಿ," ಎಂದು ಓಬಳಪ್ಪ ಗಡಿಬಿಡಿಯಲ್ಲಿ ಕೂಗಿದ. ಅಡವಯ್ಯನ ಹೆಂಡತಿ ಗಿರಿಯಮ್ಮ ಹುಟ್ಟಿದಾಗಿನಿಂದ ಹೊಸ ಕಂಬಳಿ ಹಾಸಿದ್ದು ಬೀರಪ್ಪ ದೇವರ ಪೂಜೆಗೆ ಮಾತ್ರ. ಕೈ ತನ್ನ ಪಾಡಿಗೆ ತಾನು ಕಂಬಳಿಯನ್ನು ಮಡಿಸಿ ಹಾಸಿತು, ಸೊಂಟದ ಚೀಲದಿಂದ ಭಂಡಾರದ ಅರಿಸಿನ ತೆಗೆದು ಉದುರಿಸಿತು, ಎಲೆ ಅಡಿಕೆ ಇಟ್ಟಿತು.

ಕಂಬಳಿ ದೇವರ ಗದ್ದುಗೆಯಾಯಿತು. ನೆರೆದವರೆಲ್ಲ ಚಪ್ಪಲಿ ಬಿಟ್ಟು ಕೈಮುಗಿದರು. ಕೂರಲು ಬಗ್ಗಿದ್ದ ಸಾಹೇಬರನ್ನು ಓಬಳಪ್ಪನೇ ರಟ್ಟೆ ಹಿಡಿದು ಎಬ್ಬಿಸಿದ. ಅವರು ಬಿಸಿಲಲ್ಲಿ ನಿಂತೇ ಭಾಷಣ ಮುಗಿಸಿ, ಕಂಬಳಿಯ ಕಡೆ ತಿರುಗಿಯೂ ನೋಡದೆ ಜೀಪು ಹತ್ತಿದರು.

ಅಡವಯ್ಯ ಹೆಂಡತಿಯ ಕಡೆ ತಿರುಗಿದ. "ಮನೆ ಹಾಳು ಮಾಡ್ಬುಟ್ಟೆ ಕಣೇ," ಎಂದ.

"ಎತ್ತು ಅದನ್ನ," ಎಂದು ಓಬಳಪ್ಪ ಹಲ್ಲು ಕಡಿದ.

"ಹೆಂಗೆ ಎತ್ತಲಿ ಭಾವ? ಮಂದೆ ಒಂದು ಸುತ್ತು ಬರ್ದೆ ನಮ್ಮಲ್ಲಿ ಗದ್ದುಗೆ ಎತ್ತಿದ್ದುಂಟಾ?" ಗಿರಿಯಮ್ಮ ತಲೆ ಎತ್ತಲಿಲ್ಲ.

ಊರಿಗೂರೇ ಓಬಳಪ್ಪನ ಮುಖ ನೋಡಿತು. ಸಮಿತಿಗೆ ಅಧ್ಯಕ್ಷನಾದರೂ ಬೀರಪ್ಪನಿಗೆ ಅವನೂ ಒಕ್ಕಲೇ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಗೇಟು ತೆಗೆದ. ಕುರಿಗಳು ತಲೆ ತಗ್ಗಿಸಿಕೊಂಡೇ ಒಳಗೆ ಬಂದವು, ಭಕ್ತಿಯಿಂದಲ್ಲ. ದೇವರ ಸುತ್ತಿಗೆ ಬಂದ ಕುರಿಯನ್ನು ಅವಸರಪಡಿಸುವ ಹಾಗಿರಲಿಲ್ಲ. ಸುತ್ತು ಎಷ್ಟು ದೊಡ್ಡದಿರಬೇಕೆಂದು ಹಿರಿಯರು ಯಾರೂ ಹೇಳಿಹೋಗಿರಲಿಲ್ಲ.

ಶಿವರಾತ್ರಿಯೂ ಕಳೆಯಿತು. ಓಬಳಪ್ಪ ದಿನಾ ಬೆಳಿಗ್ಗೆ ಗೇಟಿಗೆ ಬಂದು, "ಸುತ್ತು ಮುಗೀತೇನಮ್ಮ?" ಎಂದು ಕೇಳುತ್ತಿದ್ದ.

"ಇನ್ನೂ ಬೇಲಿ ಮಗ್ಗುಲಲ್ಲೇ ಅವೆ ಭಾವ," ಎನ್ನುತ್ತಿದ್ದಳು ಗಿರಿಯಮ್ಮ.

ಅಡವಯ್ಯ ಕುರಿಯ ಬೆನ್ನು ಸವರಿದರೆ ಹೊಸ ಉಣ್ಣೆ ಬೆರಳಿಗೆ ಸಿಗುತ್ತಿತ್ತು. ಅವನಿಗೆ ಹಿಗ್ಗೋ ಹಿಗ್ಗು. ಒಂದು ಬೆಳಿಗ್ಗೆ ಗದ್ದುಗೆಯ ಕಡೆ ತಿರುಗಿದವನು ಹಾಗೇ ನಿಂತ. ಇಬ್ಬನಿಗೆ ನೆನೆದು ಬಿಸಿಲಿಗೆ ಬಣ್ಣಗೆಟ್ಟಿದ್ದ ಕಂಬಳಿಯ ಅಂಚನ್ನು, ಗಂಜಿಯ ರುಚಿ ಹತ್ತಿದ ಹುಲ್ಲೆಯೊಂದು ಜಗಿಯುತ್ತಿತ್ತು. ಕೋಲೆತ್ತಿದ. ಕಾವಲಿನ ಹುಲ್ಲೆಯ ಮೇಲೆ ಕೋಲೆತ್ತುವಂತಿಲ್ಲ ಎಂಬುದು ಸಮಿತಿಯ ಮೊದಲ ಕಟ್ಟಳೆ.

"ಮೇಯ್ಲಿ ಬುಡ್ಲಾ," ಎಂದ ಗೇಟಿನಲ್ಲಿ ನಿಂತಿದ್ದ ಓಬಳಪ್ಪ, ಬಹಳ ದಿನಗಳ ಮೇಲೆ ನಗುತ್ತಾ.