ಇಬ್ಬರಿಗೂ ಒಂದೇ ಸಂಬಳ ಅಂತೆ!

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅತ್ತಿಗೆ ಮಾಡುತ್ತಿದ್ದ ಮೊದಲ ಕೆಲಸ ಏನು ಗೊತ್ತೇ? ಬಲಗೈ ಬೆರಳುಗಳನ್ನು ಒಂದೊಂದಾಗಿ ಕಚ್ಚಿ ನೋಡುವುದು. ಹೆಬ್ಬೆರಳಿಗೆ ನೋವು ತಿಳಿಯುತ್ತಿತ್ತು. ತೋರುಬೆರಳಿಗೆ ಅರ್ಧಂಬರ್ಧ. ನಡುಬೆರಳು ಮಾತ್ರ ತನ್ನದೇ ಅಲ್ಲವೇನೋ ಅನ್ನುವ ಹಾಗೆ ಸುಮ್ಮನಿರುತ್ತಿತ್ತು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಹೇಳಬೇಕು ಅಂದುಕೊಳ್ಳುವಳು, ಆಮೇಲೆ ಬೇಡ ಅಂತ ಎದ್ದು ಒಲೆ ಹಚ್ಚುವಳು.

ಬೀದಿಯವರೆಲ್ಲ ಅವಳನ್ನು ಅತ್ತಿಗೆ ಅಂತಲೇ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ಅವಳಿಗೆ ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆಯ ಹೊದಿಕೆ, ಹೋಟೆಲಿನ ಟವೆಲು, ಎಲ್ಲ ಲಾರಿಗಟ್ಟಲೆ ಅಲ್ಲಿಗೆ ಬರುತ್ತವೆ. ಒಗೆಯುವ ಮಷಿನ್ ಕಡೆ ಎಲ್ಲರೂ ಗಂಡಸರು, ಅತ್ತಿಗೆಯ ಗಂಡನೂ ಅಲ್ಲೇ. ಇಸ್ತ್ರಿ ಕಡೆ ಎಲ್ಲರೂ ಹೆಂಗಸರು. ಇಸ್ತ್ರಿ ಅಂದರೆ ನಮ್ಮ ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಅಂದುಕೊಳ್ಳಬೇಡಿ. ಕಾದ ಕಬ್ಬಿಣದ ರೋಲರ್ ಅದು, ಒಂದು ಮಂಚದಷ್ಟು ಉದ್ದ, ದಿನವಿಡೀ ಸುತ್ತುತ್ತಲೇ ಇರುತ್ತದೆ. ಆಚೆ ಒಬ್ಬಳು ಈಚೆ ಒಬ್ಬಳು ನಿಂತು, ಒದ್ದೆ ಹೊದಿಕೆಯ ಮೂಲೆ ಹಿಡಿದು, ಬಿಗಿಯಾಗಿ ಎಳೆದು ಅದರ ಬಾಯಿಗೆ ಕೊಡಬೇಕು. ಕೊಟ್ಟ ಕ್ಷಣಕ್ಕೇ ಕೈ ಹಿಂದಕ್ಕೆ ಬರಬೇಕು. ಬಾರದಿದ್ದರೆ? ಆ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

ಕ್ಲಿನಿಕ್ಕಿನ ಡಾಕ್ಟರಮ್ಮ ಎರಡು ತಿಂಗಳ ಹಿಂದೆಯೇ ಹೇಳಿದ್ದರು. "ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಮ್ಮ. ಸಣ್ಣ ಆಪರೇಷನ್ನು, ಮೂರು ವಾರ ಕೈಗೆ ರಜೆ. ತಡ ಮಾಡಿದರೆ ಹೋದ ಸ್ಪರ್ಶ ವಾಪಸು ಬರುತ್ತೆ ಅಂತ ನಾನು ಹೇಳಲಾರೆ. ಈ ಕೈಯಲ್ಲಿ ರೋಲರ್ ಹತ್ತಿರ ಮಾತ್ರ ಹೋಗಬೇಡಿ."

"ಆಯ್ತು ಡಾಕ್ಟ್ರೇ" ಅಂದು ಬಂದ ಅತ್ತಿಗೆ ಮಾರನೇ ಬೆಳಿಗ್ಗೆಯೇ ರೋಲರ್ ಮುಂದೆ ನಿಂತಿದ್ದಳು. ಕೇಳಿದವರು ಮೊಂಡುತನ ಅಂದಾರು. ಮೊಂಡುತನವಲ್ಲ, ಭಯ. ತಿಂಗಳಲ್ಲಿ ಒಂದೇ ಒಂದು ದಿನ ತಪ್ಪಿಸಿದರೂ ಇಸ್ತ್ರಿ ಕಡೆಯವರಿಗೆ ಆ ತಿಂಗಳ ಹಾಜರಿ ಬಹುಮಾನ ಪೂರ್ತಿ ಕಟ್. ಮನೆ ಬಾಡಿಗೆ, ಮಗಳ ಕಾಲೇಜಿನ ಫೀಸು, ಎರಡೂ ಅವಳ ಸಂಬಳದಲ್ಲೇ ಸಾಗಬೇಕು. ಮೂರು ವಾರ ಅಂದರೆ ಏನು ಹುಡುಗಾಟವೇ?

ಹಾಗೇ ಎರಡು ತಿಂಗಳು ಕಳೆಯಿತು.

ಆವತ್ತು ಮಧ್ಯಾಹ್ನ ಎದುರಿಗೆ ನಿಂತು ಹೊದಿಕೆ ಹಿಡಿದಿದ್ದವಳು ಗುಂಗುರಕ್ಕ. ಗುಂಗುರು ಕೂದಲಿನವಳು, ಅದಕ್ಕೇ ಆ ಹೆಸರು. ಅವಳು ಇದ್ದಕ್ಕಿದ್ದಂತೆ ಮೂಗು ಅರಳಿಸಿದಳು.

"ಏನೋ ಸುಟ್ಟ ವಾಸನೆ ಬರ್ತಿಲ್ವೇನೇ?"

"ಹೌದಲ್ವಾ" ಅಂದಳು ಅತ್ತಿಗೆ. "ಹೊದಿಕೆ ಎಲ್ಲಾದ್ರೂ ಸಿಕ್ಕಿಕೊಂಡಿರಬೇಕು, ನೋಡು."

"ಅಯ್ಯೋ, ಹೊದಿಕೆ ಅಲ್ವೇ! ನಿನ್ನ ಕೈ! ಕೈ ತೆಗಿಯೇ!"

ಅತ್ತಿಗೆ ಕೆಳಗೆ ನೋಡಿದಳು. ಅವಳ ನಡುಬೆರಳು ರೋಲರಿನ ಅಂಚಿನ ಕಾದ ತಗಡಿಗೆ ಅಂಟಿಕೊಂಡಿತ್ತು. ಎಷ್ಟು ಹೊತ್ತಿನಿಂದಲೋ ಏನೋ. ಸುಡುತ್ತಿದ್ದದ್ದು ಅವಳದೇ ಚರ್ಮ, ಅವಳಿಗೇ ಗೊತ್ತಿಲ್ಲ! ಕಿತ್ತು ತೆಗೆದಾಗಲೂ ನೋವಿಲ್ಲ. ನೋವಾಗಿದ್ದರೆ ಕಿರುಚಿಯಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದಳೋ ಏನೋ. ತಗಡಿನಿಂದ ನಾಲ್ಕು ಬೆರಳಿನಷ್ಟು ಆಚೆ ರೋಲರ್ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು.

ಮರುಕ್ಷಣ ಮಾಡಿದ್ದೇನು? ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು. ಸೂಪರ್‌ವೈಸರ್ ನೋಡಿದರೆ ಮನೆಗೆ ಕಳಿಸುತ್ತಾನೆ, ಕಳಿಸಿದರೆ ಬಹುಮಾನ ಹೋಗುತ್ತದೆ! ಗುಂಗುರಕ್ಕ ಸುತ್ತ ಒಮ್ಮೆ ಕಣ್ಣಾಡಿಸಿ ತಲೆ ತಗ್ಗಿಸಿದಳು. "ನಾನೇನೂ ನೋಡಿಲ್ಲ ಕಣೇ" ಅಂದಳು ಮೆಲ್ಲಗೆ.

ಸಂಜೆ ಮನೆಗೆ ಬಂದರೆ ನಾದಿನಿ ಬಂದು ಕೂತಿದ್ದಳು. ಗಂಡನ ತಂಗಿ, ಬಸ್ ಡಿಪೋದಲ್ಲಿ ಸಂಬಳದ ಬಿಲ್ ಮಾಡುವ ಕೆಲಸ. ಮಾತು ಚುರುಕು, ಕಣ್ಣು ಇನ್ನೂ ಚುರುಕು. ಅತ್ತಿಗೆ ಎಡಗೈಯಲ್ಲಿ ಲೋಟ ಕೊಟ್ಟದ್ದೇ ತಡ, "ಅತ್ತಿಗೆ, ಬಲಗೈ ಎಲ್ಲಿ? ಅಡವಿಟ್ಟು ಬಂದ್ರಾ?" ಅಂದಳು. ಅಂದವಳೇ ಕೈ ಹಿಡಿದು ಎಳೆದಳು. ಬಟ್ಟೆ ಸುತ್ತಿದ ಬೆರಳು ಬೆಳಕಿಗೆ ಬಂತು. ಅತ್ತಿಗೆಗೆ ಇನ್ನು ತಡೆಯಲಾಗಲಿಲ್ಲ. ಅಳುತ್ತಾ ಎಲ್ಲ ಹೇಳಿಬಿಟ್ಟಳು, ಡಾಕ್ಟರಮ್ಮ ಹೇಳಿದ್ದರಿಂದ ಹಿಡಿದು ಸುಟ್ಟ ವಾಸನೆಯ ತನಕ.

ಪಕ್ಕದಲ್ಲೇ ಕೂತಿದ್ದ ಗಂಡ ಗಾಬರಿಯಾದ. ಗಾಬರಿಯಾದಾಗ ಅವನಿಗೆ ಸಿಟ್ಟು ಬರುತ್ತದೆ.

"ನಿನಗೇನು ತಲೆ ಕೆಟ್ಟಿದೆಯೇನೇ? ಮೂರು ವಾರ ತಾನೇ? ರಜೆ ಹಾಕಿ ಬಿದ್ದುಕೊಳ್ಳೋಕೆ ಆಗ್ತಿರಲಿಲ್ವಾ? ಹೋದ ವರ್ಷ ಕಾಮಾಲೆ ಆದಾಗ ನಾನು ಒಂದು ತಿಂಗಳು ಮಲಗಿರಲಿಲ್ವಾ? ಸಂಬಳ ಬಂತೋ ಇಲ್ವೋ?"

"ನಿಮಗೆ ಬಂತು ರೀ."

"ನಿನಗೂ ಬರುತ್ತೆ! ನನಗೂ ಹದಿನೆಂಟು ಸಾವಿರ, ನಿನಗೂ ಹದಿನೆಂಟು ಸಾವಿರ. ಇಬ್ಬರಿಗೂ ಒಂದೇ ಸಂಬಳ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೀನಿ."

ನಾದಿನಿ ಹುಬ್ಬು ಹಾರಿಸಿದಳು. "ಅಣ್ಣಾ, ಆ ಹದಿನೆಂಟು ಏನೇನು ಸೇರಿ ಹದಿನೆಂಟು?"

"ಸಂಬಳ ಅಂದ್ರೆ ಸಂಬಳ. ಅದರಲ್ಲೇನು ಕಲ್ಲು ಮಣ್ಣು ಸೇರಿರುತ್ತಾ?"

"ಸೇರಿರುತ್ತೆ ಅಣ್ಣ, ಅದೇ ವಿಷಯ. ಇಬ್ಬರ ಸಂಬಳದ ಚೀಟೀನೂ ತಾ."

ಚೀಟಿಗಳು ಬಂದವು. ಅಲ್ಲಿಯವರೆಗೆ ಗಂಡಹೆಂಡಿರಿಬ್ಬರೂ ಅದರ ಕೊನೆಯ ಸಾಲು ಬಿಟ್ಟು ಬೇರೇನೂ ಓದಿದವರಲ್ಲ. ನಾವೂ ಅಷ್ಟೇ ಬಿಡಿ, ಕೈಗೆ ಎಷ್ಟು ಬಂತು ಅಂತ ನೋಡಿ ಮಡಚಿಡುತ್ತೇವೆ.

"ಅಣ್ಣ, ನಿನ್ನದು ಕೇಳು. ಮೂಲ ವೇತನ ಹದಿನೈದು, ಮಷಿನ್ ಭತ್ಯೆ ಮೂರು. ಮೂಲ ವೇತನ ಅಂದ್ರೆ ಗಟ್ಟಿ ಹಣ, ಸುಲಭಕ್ಕೆ ಅಲ್ಲಾಡಲ್ಲ. ಅತ್ತಿಗೆದು ನೋಡು. ಮೂಲ ವೇತನ ಬರೀ ಒಂಬತ್ತು. ಹಾಜರಿ ಬಹುಮಾನ ಐದು. ಎಷ್ಟು ಹೊದಿಕೆ ಇಸ್ತ್ರಿ ಆಯ್ತು ಅನ್ನೋದರ ಮೇಲೆ ಎಣಿಕೆ ಹಣ ನಾಲ್ಕು. ಕೂಡಿದರೆ ಅದೂ ಹದಿನೆಂಟೇ. ಆದರೆ ಅರ್ಧದಷ್ಟು ಹಣ ಅತ್ತಿಗೆಯ ಕೈ ಆಡುವ ತನಕ ಮಾತ್ರ."

"ಅಂದ್ರೆ?"

"ಅಂದ್ರೆ, ನಿಮ್ಮಲ್ಲಿ ಕಾಯಿಲೆ ರಜೆಗೆ ಕೊಡೋದು ಮೂಲ ವೇತನ ನೋಡಿ. ನೀನು ಮಲಗಿದರೆ ಹದಿನೈದು ಎಲ್ಲೂ ಹೋಗಲ್ಲ. ಅತ್ತಿಗೆ ಮೂರು ವಾರ ಮಲಗಿದರೆ ಬಹುಮಾನ ಪೂರ್ತಿ ಹೋಯ್ತು, ಎಣಿಕೆ ಹಣದಲ್ಲಿ ಒಂದು ವಾರದ್ದು ಮಾತ್ರ ಉಳೀತು. ಕೈಗೆ ಬರೋದು ಹೆಚ್ಚೆಂದರೆ ಹತ್ತು. ಅದಕ್ಕೇ ಬೆರಳು ಸುಟ್ಟರೂ ಜೇಬಲ್ಲಿ ಬಚ್ಚಿಡ್ತಾರೆ."

ಅತ್ತಿಗೆ ಕಣ್ಣೊರೆಸಿಕೊಂಡಳು. ಇಷ್ಟು ದಿನ ಹೊಟ್ಟೆಯಲ್ಲಿ ಹೆಸರಿಲ್ಲದೆ ಕೂತಿದ್ದ ಭಯಕ್ಕೆ ಯಾರೋ ಹೆಸರಿಟ್ಟ ಹಾಗಾಯಿತು. ಭಯ ಹೋಗಲಿಲ್ಲ, ಆದರೆ ಅದು ಎಲ್ಲಿಂದ ಬಂತು ಅಂತ ತಿಳಿಯಿತು.

"ವರ್ಷದ ಲೆಕ್ಕ ಇನ್ನೂ ಚೆನ್ನಾಗಿದೆ" ಅಂತ ನಾದಿನಿ ಮುಂದುವರಿಸಿದಳು. "ವರ್ಷದ ಬೋನಸ್ಸು ಒಂದು ತಿಂಗಳ ಮೂಲ ವೇತನ. ನಿನಗೆ ಹದಿನೈದು, ಅತ್ತಿಗೆಗೆ ಒಂಬತ್ತು. ರಶ್ ಇರೋ ತಿಂಗಳಲ್ಲಿ ಓಟಿ, ಅದೇ ಹೆಚ್ಚು ಹೊತ್ತಿನ ದುಡಿಮೆಯ ಕಾಸು, ಯಾರಿಗೆ ಕೊಡ್ತಾರೆ?"

"ಮಷಿನ್ ಕಡೆಗೆ."

"ನೋಡಿದ್ಯಾ? ತಿಂಗಳಿಗೆ ಒಂದೇ, ವರ್ಷ ತಿರುಗಿದರೆ ಬೇರೆ. ನಮ್ಮ ಡಿಪೋದಲ್ಲೂ ಇದೇ ಕಥೆ. ಡ್ರೈವರಿಗೆ ಟ್ರಿಪ್ಪಿನ ಭತ್ಯೆ, ರಾತ್ರಿ ಭತ್ಯೆ. ಟಿಕೆಟ್ ಕೌಂಟರಿನ ಹೆಂಗಸರಿಗೆ ಬರೀ ಮೂಲ, ಮೇಲೆ ಒಂದು ಕಾಸಿಲ್ಲ. ಅಂಗಡಿಯಲ್ಲಿ ಮಾರೋನಿಗೆ ಕಮಿಷನ್ನು, ಒಂದು ತಿಂಗಳು ಹೊಟ್ಟೆ ತುಂಬ, ಒಂದು ತಿಂಗಳು ಹಸಿವು. ಒಂದೊಂದು ಕೆಲಸದ ಸಂಬಳ ಒಂದೊಂದು ಥರ ಕಟ್ಟಿರ್ತಾರೆ. ಎಷ್ಟು ಅಂತ ಕೇಳಿದರೆ ಸಾಲದು, ಹೇಗೆ ಅಂತ ಕೇಳಬೇಕು."

ಗಂಡ ಅಷ್ಟಕ್ಕೆ ಸೋಲುವ ಆಸಾಮಿಯಲ್ಲ. "ಹೆಂಗಸರು ಜಾಸ್ತಿ ರಜೆ ಹಾಕ್ತಾರೆ, ಅದಕ್ಕೆ ಬಹುಮಾನ ಇಟ್ಟಿದ್ದಾರೆ. ಅದರಲ್ಲೇನು ತಪ್ಪು?"

"ಅತ್ತಿಗೆ, ಈ ವರ್ಷ ಎಷ್ಟು ರಜೆ ಹಾಕಿದ್ರಿ?"

"ಒಂದೂ ಇಲ್ಲ."

"ಅಣ್ಣಾ, ನೀನು?"

ಅಣ್ಣ ತಲೆ ಕೆರೆದುಕೊಂಡು ಕಿಟಕಿ ಕಡೆ ನೋಡಿದ.

ಅತ್ತಿಗೆ ತಾನಾಗಿಯೇ ಬಾಯಿ ಬಿಟ್ಟಳು. "ನಾವೂ ಬೆಪ್ಪುಗಳೇ ಕಣೇ. ಮೂರು ವರ್ಷದ ಹಿಂದೆ ಸಾಹೇಬರು ಬಂದು ಕೇಳಿದ್ರು. ಮೂಲ ವೇತನ ಎರಡು ಸಾವಿರ ಏರಿಸಲೋ, ಹಾಜರಿ ಬಹುಮಾನ ಮೂರು ಸಾವಿರ ಏರಿಸಲೋ ಅಂತ. ಎರಡಕ್ಕಿಂತ ಮೂರು ದೊಡ್ಡದಲ್ವಾ? ಎಲ್ಲರೂ ಬಹುಮಾನಕ್ಕೇ ಚಪ್ಪಾಳೆ ಹೊಡೆದ್ವಿ."

ಗಂಡ ಹತ್ತಿರ ಬಂದು ಕೂತು ಹೆಂಡತಿಯ ಬೆರಳಿನ ಬಟ್ಟೆ ಬಿಚ್ಚಿದ. ಬೊಬ್ಬೆ ಎದ್ದು ಬೆಳ್ಳಗಾಗಿತ್ತು. ಉಗುರಿನಿಂದ ಪಕ್ಕದಲ್ಲಿ ಮೆಲ್ಲಗೆ ಒತ್ತಿದ.

"ನೋಯುತ್ತೇನೇ?"

"ಇಲ್ಲ."

ಇನ್ನೊಂದು ಸಲ, ಗಟ್ಟಿಯಾಗಿ. "ಈಗ?"

"ಇಲ್ಲ ರೀ."

ಅವನು ಬಟ್ಟೆಯನ್ನು ಮತ್ತೆ ಮೆಲ್ಲಗೆ ಸುತ್ತಿದ. ರೋಲರಿನ ಬಾಯಿ ಅವನಿಗೂ ಗೊತ್ತು. "ನಾಳೆ ನೀನು ಆ ಕಡೆ ತಲೆ ಹಾಕಬೇಡ. ಹಣ ಹಾಳಾಗಿ ಹೋಗಲಿ. ಬಾಡಿಗೆ ನಾನು ಹೇಗೋ ನೋಡ್ಕೋತೀನಿ" ಅಂದ.

"ಹೋಗ್ತೀನಿ" ಅಂದಳು ಅತ್ತಿಗೆ. "ರೋಲರ್ ಮುಟ್ಟಲ್ಲ. ಕೇಳೋಕೆ ಹೋಗ್ತೀನಿ."

ಹೇಳಿದ್ದೇನೋ ಹೇಳಿದಳು. ಆದರೆ ಮಾರನೇ ದಿನ ಲಾಂಡ್ರಿಯ ಗೇಟು ದಾಟುವಾಗ ಹಳೆಯದೊಂದು ಸಂಗತಿ ನೆನಪಾಯಿತು. ಹಿಂದೆ ಓಟಿ ಯಾಕಿಲ್ಲ ಅಂತ ಕೇಳಿದ ಒಬ್ಬಳನ್ನು ಆಸ್ಪತ್ರೆಯ ರಕ್ತದ ಬಟ್ಟೆ ಬೇರ್ಪಡಿಸುವ ಕೋಣೆಗೆ ಹಾಕಿದ್ದರು. ಅವಳು ಇವತ್ತಿಗೂ ಅಲ್ಲೇ ಇದ್ದಾಳೆ. ತನಗೂ ಅದೇ ಗತಿಯಾದರೆ? ಕೆಲಸವೇ ಹೋದರೆ?

ಬೆಳಗಿನ ಹೊತ್ತೆಲ್ಲ ಮಡಚುವ ಮೇಜಿನ ಹತ್ತಿರ ಕಳೆದಳು. ಊಟದ ಬಿಡುವಿಗೆ ರೋಲರ್ ನಿಲ್ಲಿಸಿದರು. ಹೆಂಗಸರು ಡಬ್ಬಿ ಬಿಚ್ಚಿ ಕೂತರು. ಅತ್ತಿಗೆ ಎದ್ದು ನಿಂತಳು. ಏನೇನೋ ಹೇಳಬೇಕು ಅಂತ ನಾದಿನಿ ಹೇಳಿಕೊಟ್ಟಿದ್ದಳು, ಒಂದೂ ನೆನಪಾಗಲಿಲ್ಲ. ಸುಟ್ಟ ಬೆರಳು ಎತ್ತಿ ತೋರಿಸಿ ಇಷ್ಟೇ ಕೇಳಿದಳು: "ನನಗೆ ಈ ಬೆರಳು ಮರಗಟ್ಟಿದೆ. ನಿಮ್ಮಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯಾ?"

ಎಲ್ಲರೂ ಡಬ್ಬಿಯೊಳಗೆ ಕಣ್ಣು ನೆಟ್ಟು ಅನ್ನ ಕಲಸತೊಡಗಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತಿಗೆಗೆ ಕೆಟ್ಟೆನಲ್ಲ ಅನ್ನಿಸಿತು.

ಆಗ ಗುಂಗುರಕ್ಕ ತಲೆ ತಗ್ಗಿಸಿಕೊಂಡೇ ತನ್ನ ಕೈ ಮೇಲೆತ್ತಿದಳು. "ನನಗೆ ಎರಡೂ ಕೈ ಕಣೇ. ಒಂದು ವರ್ಷವಾಯ್ತು" ಅಂದಳು. ಅವಳ ಹಿಂದೆ ಕೂತಿದ್ದ ಬಾಣಂತನ ಮುಗಿಸಿ ಬಂದ ಹುಡುಗಿ ಕೈ ಎತ್ತಿದಳು. ಮೂಲೆಯ ಅಜ್ಜಿ ಎತ್ತಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಇಷ್ಟೊಂದು ಸತ್ತ ಬೆರಳುಗಳು ದಿನಾ ಆ ರೋಲರಿನ ಬಾಯಲ್ಲಿ ಆಡುತ್ತಿದ್ದವು! ಪಕ್ಕದಲ್ಲೇ ನಿಂತವಳಿಗೂ ಹೇಳದೆ ಎಲ್ಲರೂ ಬಹುಮಾನ ಕಾಯುತ್ತಿದ್ದರು.

ಕಾಯಿಲೆ ಬಿದ್ದರೆ ಬಹುಮಾನ ಕಟ್ ಮಾಡಬೇಡಿ ಅಂತ ಅತ್ತಿಗೆ ಕೇಳಿದ್ದನ್ನು ಆಫೀಸಿನಲ್ಲಿ ಸಾಹೇಬರು ಕಂಪ್ಯೂಟರಿನಿಂದ ತಲೆ ಎತ್ತದೆಯೇ ಕೇಳಿಸಿಕೊಂಡರು. "ನೋಡಮ್ಮ, ಒಬ್ಬಳಿಗೋಸ್ಕರ ನಿಯಮ ಬದಲಾಯಿಸೋಕಾಗುತ್ತಾ?"

"ಒಬ್ಬಳಲ್ಲ ಸಾರ್" ಅಂದಳು ಅತ್ತಿಗೆ. ಸಾಹೇಬರು ತಲೆ ಎತ್ತಿದರು. ಬಾಗಿಲ ತುಂಬ ಇಸ್ತ್ರಿ ಕಡೆಯವರು, ಅವರ ಹಿಂದೆ ಮಷಿನ್ ಕಡೆಯ ನಾಲ್ಕಾರು ಗಂಡಸರು. ಅತ್ತಿಗೆಯ ಗಂಡ ಎಲ್ಲರಿಗಿಂತ ಮುಂದೆ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂತ ಹೇಳಿದರೆ ನೀವು ನಂಬುವುದಿಲ್ಲ, ನಾನೂ ಹೇಳುವುದಿಲ್ಲ. ಡಾಕ್ಟರ ಚೀಟಿ ಇದ್ದರೆ ಬಹುಮಾನ ಕಟ್ ಮಾಡಬಾರದು ಅನ್ನುವುದು ಆ ತಿಂಗಳೇ ಆಯಿತು. ಬಹುಮಾನದ ಹಣವನ್ನು ಮೂಲ ವೇತನಕ್ಕೆ ಸೇರಿಸುವ ಮಾತುಕತೆ ಇನ್ನೂ ನಡೆಯುತ್ತಿದೆ, ಜಗ್ಗಾಟವೂ ನಡೆಯುತ್ತಿದೆ. ಯಾರನ್ನೂ ರಕ್ತದ ಬಟ್ಟೆಯ ಕೋಣೆಗೆ ಹಾಕಲಿಲ್ಲ. ಅಷ್ಟು ಜನರನ್ನು ಎಲ್ಲಿಗೆ ಅಂತ ಹಾಕುತ್ತಾರೆ?

ಅತ್ತಿಗೆಗೆ ಆಪರೇಷನ್ ಆಯಿತು. ಹೆಬ್ಬೆರಳು, ತೋರುಬೆರಳು ಚೇತರಿಸಿಕೊಂಡವು. ನಡುಬೆರಳಿಗೆ ಮಾತ್ರ ಸ್ಪರ್ಶ ಬರಲಿಲ್ಲ, ಇನ್ನು ಬರುವುದೂ ಇಲ್ಲವಂತೆ. "ಎರಡು ತಿಂಗಳು ಮೊದಲೇ ಬಂದಿದ್ದರೆ..." ಅಂದು ಡಾಕ್ಟರಮ್ಮ ಮಾತು ನುಂಗಿಕೊಂಡರು. ಆ ಎರಡು ತಿಂಗಳಲ್ಲಿ ಅತ್ತಿಗೆಗೆ ಸಿಕ್ಕ ಹಾಜರಿ ಬಹುಮಾನ ಹತ್ತು ಸಾವಿರ. ಒಂದು ಬೆರಳನ್ನು ಆ ಬೆಲೆಗೆ ಮಾರಿದ ಹಾಗಾಯಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಸಂಬಳದ ಚೀಟಿಯನ್ನು ಮೊದಲ ಸಾಲಿನಿಂದ ಓದಿ. ಓದಲು ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ, ಚೀಟಿಯೇ ಕೊಡದಿದ್ದರೆ ಕೇಳಿ ಪಡೆಯಿರಿ. ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ನಾಳೆ ಜ್ವರ ಬಂದು ಮಲಗಿದರೆ ಉಳಿಯುವುದೆಷ್ಟು, ವರ್ಷದ ಕೊನೆಗೆ ಒಟ್ಟು ಎಷ್ಟು ಅಂತ ತಿಳಿದುಕೊಳ್ಳಿ. ಗಂಡಹೆಂಡಿರು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೇಳಲು ಭಯವಾಗುತ್ತದೆಯೇ? ಆಗಲಿ, ಅತ್ತಿಗೆಗೂ ಆಗಿತ್ತು. ಪಕ್ಕದಲ್ಲಿ ಕೆಲಸ ಮಾಡುವವಳನ್ನು ಮೊದಲು ಕೇಳಿ, ಆಮೇಲೆ ಇಬ್ಬರೂ ಸೇರಿ ಮೂರನೆಯವಳನ್ನು ಕೇಳಿ. ನಿಮ್ಮ ಬೆರಳುಗಳಿಗೆ ಇನ್ನೂ ನೋವು ತಿಳಿಯುತ್ತಿರುವಾಗಲೇ ಕೇಳಿ.